ಬ್ಯಾಂಟಮ್ ಮರಿಗಳು ಬ್ರೂಡರ್‌ನಿಂದ ಗೂಡಿಗೆ: ಯಾವಾಗ, ಹೇಗೆ?

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವರು, ರೇಷ್ಮೆ ಬೆಳೆಗಾರರು. ಮಗಳು ಆಸೆಪಟ್ಟಳೆಂದು ಬೆಂಗಳೂರಿನಿಂದ ಹದಿನಾಲ್ಕು ಬ್ಯಾಂಟಮ್ ಮರಿಗಳನ್ನು, ಅಂದರೆ ಗಿಡ್ಡ ತಳಿಯ ಕೋಳಿಮರಿಗಳನ್ನು, ತಂದೆವು. ಎಂಟು ಸಿಲ್ಕಿ, ಆರು ಕೊಚಿನ್ ಬ್ಯಾಂಟಮ್. ಪಡಸಾಲೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯನ್ನೇ ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಜಾಗ) ಮಾಡಿ, ಹಗಲೂ ರಾತ್ರಿಯೂ 100 ವ್ಯಾಟ್ ಬಲ್ಬ್ ಉರಿಸಿ ಸಾಕಿದೆವು. ಐದು ವಾರ ತುಂಬಿದ್ದರಿಂದ, ವಾಸನೆ ಮತ್ತು ಧೂಳು ತಡೆಯಲಾಗದೆ, ಕಳೆದ ವಾರ ಸಂಜೆ ಹಿತ್ತಿಲಿನ ಗೂಡಿಗೆ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಎಲ್ಲವೂ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ತಳದಲ್ಲಿದ್ದ ಎರಡು ಸಿಲ್ಕಿ ಸತ್ತಿದ್ದವು, ಅವುಗಳ ಮೈ ಒದ್ದೆಯಾಗಿತ್ತು. ಉಳಿದ ಹನ್ನೆರಡು ಚುರುಕಾಗಿಯೇ ಇವೆ, ಮತ್ತೆ ಪೆಟ್ಟಿಗೆಗೆ ತಂದಿದ್ದೇವೆ. "ನಾಟಿ ಕೋಳಿ ಮರಿ ಎರಡನೇ ದಿನಕ್ಕೇ ಅಂಗಳದಲ್ಲಿ ಓಡಾಡುತ್ತದೆ, ಇವಕ್ಕೇನು ವಿಶೇಷ" ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಮೂರು ತಿಂಗಳವರೆಗೆ ಬಲ್ಬ್ ತೆಗೆಯಲೇಬಾರದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಒಂದು ಬೆಳೆ ಮುಗಿದು ಹುಳುಮನೆ ಖಾಲಿಯಿದೆ, ಬೆಚ್ಚಗೂ ಇರುತ್ತದೆ, ಅಲ್ಲಿ ಬಿಡಬಹುದೇ? ಗೂಡಿನಲ್ಲಿ ಐದು ನಾಟಿ ಹ್ಯಾಟೆಗಳೂ ಒಂದು ಹುಂಜವೂ ಇವೆ. ಇವನ್ನು ಅವುಗಳ ಜೊತೆ ಸೇರಿಸಬಹುದೇ? ಮತ್ತೆ ಹೊರಗೆ ಬಿಡಲು ಭಯವಾಗುತ್ತಿದೆ.

ಉತ್ತರ: ಸತ್ತ ಎರಡು ಮರಿಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವು ಏಕೆ ಸತ್ತವು ಎಂಬುದು ಸ್ಪಷ್ಟವಾಗದ ಹೊರತು ಮುಂದಿನ ಯಾವ ಸಲಹೆಯೂ ನಿಮ್ಮ ಭಯವನ್ನು ಕಳೆಯಲಾರದು.

ಚಳಿಗೆ ಸತ್ತವು ಎಂದು ನೀವು ಭಾವಿಸಿದಂತಿದೆ. ಆದರೆ ನೀವು ಬರೆದಿರುವ ವಿವರಗಳು ಬೇರೆ ಮಾತನ್ನು ಹೇಳುತ್ತವೆ. ಚಳಿಯೇ ನೇರವಾಗಿ ಕೊಂದಿದ್ದರೆ ಗುಂಪಿನ ಹೊರ ಅಂಚಿನಲ್ಲಿದ್ದ ಅಥವಾ ಎಲ್ಲಕ್ಕಿಂತ ಸಣ್ಣದಾಗಿದ್ದ ಮರಿಗಳು ಸಾಯಬೇಕಿತ್ತು, ಮತ್ತು ಬದುಕಿದವು ಬೆಳಿಗ್ಗೆ ರೆಕ್ಕೆ ಇಳಿಬಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೇ ಸಮನೆ ಚಿಂವ್‌ಗುಟ್ಟುತ್ತಾ ನಿಂತಿರಬೇಕಿತ್ತು. ನಿಮ್ಮಲ್ಲಿ ಸತ್ತದ್ದು ಗುಂಪಿನ ತಳದಲ್ಲಿದ್ದವು, ಅಂದರೆ ಎಲ್ಲಕ್ಕಿಂತ ಬೆಚ್ಚಗಿದ್ದವು. ಮೈ ಒದ್ದೆಯಾಗಿದ್ದದ್ದು ಮೇಲೆ ಬಿದ್ದಿದ್ದ ಮರಿಗಳ ಉಸಿರಿನ ತೇವದಿಂದ. ಮೇಲಿದ್ದವು ಚುರುಕಾಗಿಯೇ ಇವೆ. ಇದು ಉಸಿರುಗಟ್ಟಿ ಆದ ಸಾವು. ಬ್ರೂಡರ್‌ನಿಂದ ಗೂಡಿಗೆ ಬಿಟ್ಟ ಮೊದಲ ಎರಡು ಮೂರು ರಾತ್ರಿಗಳಲ್ಲಿ ನಾವು ಕಾಣುವ ಸಾವುಗಳಲ್ಲಿ ಹೆಚ್ಚಿನವು ಈ ಬಗೆಯವೇ, ಮತ್ತು ಹೆಚ್ಚಿನ ಮನೆಗಳಲ್ಲಿ ಅವುಗಳ ಲೆಕ್ಕ ಚಳಿಯ ಖಾತೆಗೇ ಹೋಗುತ್ತದೆ. ಹಾಗೆ ತಿಳಿದವರು ಬಲ್ಬಿನ ವ್ಯಾಟ್ ಹೆಚ್ಚಿಸುತ್ತಾರೆ, ಗೂಡಿನ ಕಿಂಡಿಗಳನ್ನೆಲ್ಲ ಗೋಣಿಯಿಂದ ಮುಚ್ಚುತ್ತಾರೆ. ಉಸಿರುಗಟ್ಟುವ ಅಪಾಯ ಹಾಗೆಯೇ ಉಳಿಯುತ್ತದೆ.

ಮರಿಗಳು ಹಾಗೆ ಗುಂಪುಗೂಡಿ ಬೀಳಲು ಕಾರಣ ಒಂದಲ್ಲ. ಮೊದಲನೆಯದು ಕತ್ತಲೆ. ಮೊಟ್ಟೆಯಿಂದ ಹೊರಬಂದ ದಿನದಿಂದ ನಿಮ್ಮ ಮರಿಗಳು ಕತ್ತಲೆಯನ್ನೇ ಕಂಡಿರಲಿಲ್ಲ. ಐದು ವಾರ ಬೆಳಕಿನಲ್ಲಿಯೇ ಮಲಗಿದ ಮರಿಗೆ ಒಮ್ಮೆಲೇ ಕತ್ತಲಾದರೆ ಗಾಬರಿಯಾಗುತ್ತದೆ, ಗಾಬರಿಯಾದ ಮರಿಗಳೆಲ್ಲ ಒಂದೇ ದಿಕ್ಕಿಗೆ ನುಗ್ಗುತ್ತವೆ, ಮೂಲೆ ಸಿಕ್ಕಲ್ಲಿ ಒಂದರ ಮೇಲೊಂದು ಹತ್ತುತ್ತವೆ. ದೊಡ್ಡ ಫಾರಂಗಳಲ್ಲಿ ಮೊದಲ ವಾರದಿಂದಲೇ ರಾತ್ರಿ ಒಂದು ಗಂಟೆಯಾದರೂ ದೀಪ ಆರಿಸಿ ಮರಿಗಳಿಗೆ ಕತ್ತಲೆಯನ್ನು ಅಭ್ಯಾಸ ಮಾಡಿಸುವುದು ಇದೇ ಕಾರಣಕ್ಕೆ. ಕರೆಂಟ್ ಹೋದ ರಾತ್ರಿ ನೂರಾರು ಮರಿಗಳು ಒಟ್ಟಿಗೆ ಸಾಯದಿರಲಿ ಎಂದು. ಎರಡನೆಯ ಕಾರಣ ನೀವು ಆರಿಸಿಕೊಂಡ ತಳಿ. ಸಿಲ್ಕಿಗೆ ಹಾರಲು ಬಾರದು, ಗಳದ ಮೇಲೆ ಕೂರುವ ರೂಢಿಯೂ ಕಡಿಮೆ. ಬೆಳೆದ ಸಿಲ್ಕಿಗಳೂ ನೆಲದ ಮೇಲೆ ಒತ್ತಿಕೊಂಡೇ ಮಲಗುತ್ತವೆ. ಗುಂಪುಗೂಡುವುದು ಅವುಗಳಿಗೆ ಸಹಜ ಸ್ವಭಾವ; ಅದಕ್ಕೆ ಗಾಬರಿ ಮತ್ತು ಮೂಲೆ ಸೇರಿದಾಗ ಅಪಾಯವಾಗುತ್ತದೆ. ಮೂರನೆಯದಾಗಿ, ಚಳಿಯೂ ತನ್ನ ಪಾಲು ಸಲ್ಲಿಸಿದೆ: ಬಲ್ಬಿನ ಕೆಳಗಿದ್ದ ಮರಿಗಳು ಒಂದೇ ಸಂಜೆಯಲ್ಲಿ ಡಿಸೆಂಬರ್ ರಾತ್ರಿಗೆ ಬಂದದ್ದರಿಂದ ಶಾಖ ಹುಡುಕುತ್ತಾ ಒತ್ತಿಕೊಂಡವು. ಅದರ ಮೇಲೆ, ನೀವು ಅವುಗಳನ್ನು ಸಂಜೆ ಬಿಟ್ಟಿರಿ. ಹಗಲಿನಲ್ಲಿ ಆ ಜಾಗವನ್ನು ನೋಡಿ ತಿಳಿಯುವ ಅವಕಾಶವೇ ಅವಕ್ಕೆ ಇರಲಿಲ್ಲ.

ಶಾಖ, ಬೆಳಕು, ನೆಲ, ಸಂಗಡಿಗರು ಎಂಬ ನಾಲ್ಕು ಬದಲಾವಣೆಗಳು ಒಂದೇ ರಾತ್ರಿ ಅವುಗಳ ಮೇಲೆ ಬಿದ್ದವು. ನನ್ನ ಸಲಹೆಯ ಸಾರ ಇಷ್ಟೇ: ಈ ನಾಲ್ಕನ್ನೂ ಬೇರೆ ಬೇರೆ ದಿನಗಳಿಗೆ ಹಂಚಿ, ಒಂದು ಒಗ್ಗಿದ ಮೇಲೆ ಇನ್ನೊಂದನ್ನು ಮಾಡಿ.

ಈಗ ನಿಮ್ಮ ಅತ್ತೆಯವರ ಮಾತು. ನಾಟಿ ಮರಿ ಎರಡನೇ ದಿನಕ್ಕೇ ಅಂಗಳದಲ್ಲಿ ಓಡಾಡುವುದು ನಿಜ. ಆದರೆ ಅದರ ಬ್ರೂಡರ್ ಅದರ ಜೊತೆಯಲ್ಲೇ ನಡೆಯುತ್ತಿರುತ್ತದೆ. ತಾಯಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮರಿ ಹತ್ತು ಹದಿನೈದು ನಿಮಿಷ ಮೇಯುತ್ತದೆ, ತಣ್ಣಗಾದಾಗ ರೆಕ್ಕೆಯಡಿ ಸೇರುತ್ತದೆ, ಮತ್ತೆ ಹೊರಬರುತ್ತದೆ. ರಾತ್ರಿಯಿಡೀ ಕತ್ತಲೆಯಲ್ಲಿ, ತಾಯಿಯ ಕೆಳಗೆ ಮಲಗುವುದರಿಂದ ಕತ್ತಲೆಯೂ ಅದಕ್ಕೆ ಹೊಸದಲ್ಲ. ಹ್ಯಾಟೆ ಮರಿಗಳನ್ನು ಕೈಬಿಡುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ನಡುವೆ. ಹಾಗಾಗಿ ಅವರ ಅನುಭವ ತಪ್ಪಲ್ಲ, ತಾಯಿಯಿಲ್ಲದ ಮರಿಗೆ ಅದು ಅನ್ವಯಿಸುವುದಿಲ್ಲ, ಅಷ್ಟೆ. ಮೂರು ತಿಂಗಳ ಮಾತಿಗೂ ಒಂದು ಹಿನ್ನೆಲೆಯಿದೆ. ಗರಿಯ ಬಹುಪಾಲು ಪ್ರೋಟೀನು. ಬರೀ ರಾಗಿ, ನುಚ್ಚು ತಿಂದು ಬೆಳೆದ ಮರಿಗೆ ಗರಿ ತಡವಾಗಿ ಬರುತ್ತದೆ, ಏಕೆಂದರೆ ರಾಗಿಯಲ್ಲಿ ಪ್ರೋಟೀನು ಶೇ 7ರ ಆಸುಪಾಸಿನಲ್ಲಿದ್ದರೆ ಈ ವಯಸ್ಸಿನ ಮರಿಗೆ ಬೇಕಾದದ್ದು ಶೇ 20. ಅಂಥ ಮರಿಗಳನ್ನು ಕಂಡವರು ಬ್ಯಾಂಟಮ್ ಎಂದರೆ ಮೂರು ತಿಂಗಳು ಸೂಕ್ಷ್ಮ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಚಿಕ್ ಸ್ಟಾರ್ಟರ್ ಎಂಬ ಮರಿ ಮೇವು ತಿಂದು ಬೆಳೆದ ಮರಿಗೆ ಅಷ್ಟು ದಿನ ಬಲ್ಬಿನ ಅಗತ್ಯವಿಲ್ಲ. ಅಗತ್ಯ ಮೀರಿ ಶಾಖ ಕೊಟ್ಟರೆ ಗರಿ ತುಂಬಿಕೊಳ್ಳುವುದು ನಿಧಾನವಾಗುತ್ತದೆ, ಇಕ್ಕಟ್ಟಿನಲ್ಲಿ ಒಂದರ ಗರಿ ಒಂದು ಕೀಳುವ ಚಾಳಿಯೂ ಅಂಟುತ್ತದೆ.

ಹಾಗಾದರೆ ಎಷ್ಟು ಶಾಖ ಬೇಕು? ಮೊದಲ ವಾರ 35 ಡಿಗ್ರಿ, ಅಲ್ಲಿಂದ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬಂದರೆ ಐದನೇ ವಾರಕ್ಕೆ 23, ಆರನೆಯ ವಾರಕ್ಕೆ 20ರ ಹತ್ತಿರ ಬರುತ್ತೇವೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಡಿಸೆಂಬರ್ ಮತ್ತು ಜನವರಿಯ ನಸುಕಿನಲ್ಲಿ ಶಾಖ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ; ಕೆರೆಯ ಕೆಳಗಿನ ತಗ್ಗಿನಲ್ಲಿ ಮನೆಯಿದ್ದರೆ ಇನ್ನೂ ತಣ್ಣಗಿರುತ್ತದೆ. ಹಗಲಿನಲ್ಲಿ ನಿಮ್ಮ ಮರಿಗಳಿಗೆ ಯಾವ ಕೊರತೆಯೂ ಇಲ್ಲ, ರಾತ್ರಿಯಲ್ಲಿ ಇನ್ನೂ ಕೆಲವು ಡಿಗ್ರಿಯ ಅಂತರವಿದೆ. ಬ್ಯಾಂಟಮ್‌ಗೆ ಈ ಅಂತರ ಗಿರಿರಾಜದಂಥ ದೊಡ್ಡ ತಳಿಗಿಂತ ಹೆಚ್ಚು ಮುಖ್ಯ: ಲೋಟದ ಕಾಫಿ ಪಾತ್ರೆಯ ಕಾಫಿಗಿಂತ ಬೇಗ ಆರುವಂತೆ, ಸಣ್ಣ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ. ಇದೇ ಮರಿಗಳು ಏಪ್ರಿಲ್‌ನಲ್ಲಿ ಐದು ವಾರದವಾಗಿದ್ದರೆ ರಾತ್ರಿಯ ಶಾಖದ ಬಗ್ಗೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಆಗ ತಗಡಿನ ಚಾವಣಿಯ ಕೆಳಗಿನ ಮಧ್ಯಾಹ್ನದ ಬಿಸಿಯನ್ನು ಕುರಿತು ಎಚ್ಚರಿಸಬೇಕಾಗುತ್ತಿತ್ತು.

ವಾರಗಳ ಲೆಕ್ಕಕ್ಕಿಂತ ಗರಿಯನ್ನು ನೋಡಿ ನಿರ್ಧರಿಸುವುದು ಒಳ್ಳೆಯದು. ಕೊಚಿನ್ ಮರಿಯನ್ನು ಕೈಯಲ್ಲಿ ಹಿಡಿದು ಬೆನ್ನು, ಎದೆ, ಹೊಟ್ಟೆಯ ಮೇಲೆ ಮೆಲ್ಲಗೆ ಊದಿ. ಹುಟ್ಟುವಾಗಿನ ನಯವಾದ ತುಪ್ಪಳವೋ ಬರಿ ಚರ್ಮವೋ ಕಂಡರೆ ಆ ಮರಿ ರಾತ್ರಿಯ ಚಳಿಗೆ ಇನ್ನೂ ಸಿದ್ಧವಿಲ್ಲ. ಗರಿಗಾಲಿನ ಕೊಚಿನ್‌ಗಳಿಗೆ ಮೈ ತುಂಬುವುದು ಸ್ವಲ್ಪ ತಡ. ಸಿಲ್ಕಿಗೆ ಈ ಪರೀಕ್ಷೆ ನಡೆಯದು. ಬೇರೆ ಕೋಳಿಗಳ ಗರಿಯಲ್ಲಿ ಎಳೆಗೆ ಎಳೆ ಹಿಡಿದುಕೊಳ್ಳುವ ಸಣ್ಣ ಕೊಕ್ಕೆಗಳಿರುತ್ತವೆ. ಸಿಲ್ಕಿಯ ಗರಿಯಲ್ಲಿ ಅವು ಕೂಡಿಕೊಳ್ಳುವುದಿಲ್ಲ, ಆದ್ದರಿಂದ ಬೆಳೆದ ಮೇಲೂ ಅದು ತುಪ್ಪಳದಂತೆಯೇ ಕಾಣುತ್ತದೆ. ನೀರನ್ನೂ ತಡೆಯುವುದಿಲ್ಲ. ಒಣಗಿದ ಸಿಲ್ಕಿ ಚಳಿಯನ್ನು ಚೆನ್ನಾಗಿಯೇ ತಾಳುತ್ತದೆ, ನೆನೆದ ಸಿಲ್ಕಿ ತಾಳುವುದಿಲ್ಲ. ಈ ಕಾಲದಲ್ಲಿ ಸಿಲ್ಕಿಗಳ ರಾತ್ರಿ ಆಸರೆಯನ್ನು ಏಳು ಎಂಟು ವಾರದವರೆಗೆ ಪೂರ್ತಿ ತೆಗೆಯಬೇಡಿ, ಮತ್ತು ಇಬ್ಬನಿ ಆರುವ ಮೊದಲು ಹುಲ್ಲಿನ ಮೇಲೆ ಬಿಡಬೇಡಿ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಇನ್ನೂ ಎರಡು ಮೂರು ವಾರ ಪಡಸಾಲೆಯಲ್ಲೇ ಇಟ್ಟುಕೊಳ್ಳುವುದು ಒಂದು. ಚಳಿಯ ಮಟ್ಟಿಗೆ ಅದು ಸುರಕ್ಷಿತ. ಆದರೆ ರಟ್ಟಿನ ಪೆಟ್ಟಿಗೆಯಲ್ಲಿ ಹನ್ನೆರಡು ಮರಿಗಳ ಹಿಕ್ಕೆಯಿಂದ ಏಳುವ ಅಮೋನಿಯಾ ಅವುಗಳ ಕಣ್ಣು, ಶ್ವಾಸನಾಳವನ್ನು ಕೆಡಿಸುತ್ತದೆ. ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಮರಿಗಳಿಗೆ ಆಗಲೇ ತೊಂದರೆಯಾಗಿದೆ ಎಂದು ತಿಳಿಯಿರಿ. ಜೊತೆಗೆ, ಕೊನೆಗೊಂದು ದಿನ ಇದೇ ನಾಲ್ಕು ಬದಲಾವಣೆಗಳನ್ನು ಎದುರಿಸಲೇಬೇಕು. ಎರಡನೆಯದು, ಗೂಡಿಗೇ ಬಲ್ಬ್ ಎಳೆದು ಈಗಲೇ ಕಳುಹಿಸುವುದು. ಹಲವರು ಇದನ್ನೇ ಮಾಡುತ್ತಾರೆ, ಮತ್ತು ನನಗೆ ಅತಿ ಹೆಚ್ಚು ಆತಂಕ ತರುವ ದಾರಿಯೂ ಇದೇ. ಒಣ ಹೊಟ್ಟಿನ ಮೇಲೆ, ಬಿದಿರು ಗರಿಗಳ ನಡುವೆ, ಹಿತ್ತಿಲಿಗೆ ಎಳೆದ ತೆಳು ವೈರಿನಲ್ಲಿ ತೂಗುವ ಬಿಸಿ ಬಲ್ಬ್ ಕಳಚಿಬಿದ್ದರೆ ಗೂಡಿಗೆ ಬೆಂಕಿ ಹತ್ತುತ್ತದೆ. ಮಾಡಲೇಬೇಕಾದರೆ ಬಲ್ಬನ್ನು ಸರಪಳಿಯಿಂದ ತೂಗುಹಾಕಿ, ಸುತ್ತ ಜಾಲರಿ ಕಟ್ಟಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿಡಿ. ಕರೆಂಟ್ ಹೋದಾಗ ಕತ್ತಲೆಯೂ ಚಳಿಯೂ ಒಟ್ಟಿಗೆ ಬರುತ್ತವೆ ಎಂಬುದನ್ನೂ ಮರೆಯಬೇಡಿ. ಎಲ್‌ಇಡಿ ಬಲ್ಬ್ ಹಾಕಿ ಬೆಚ್ಚಗಾಯಿತೆಂದು ನಂಬಿದವರೂ ಇದ್ದಾರೆ. ಅದರಿಂದ ಮರಿಗೆ ದಕ್ಕುವ ಶಾಖವಿಲ್ಲ. ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಮುಚ್ಚಿದ ಗೂಡಿನಲ್ಲಾಗಲಿ ಮನೆಯೊಳಗಾಗಲಿ ಇಡಲೇಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮರಿಗಳಷ್ಟೇ ಅಲ್ಲ, ಮಲಗಿದ ಮನುಷ್ಯರೂ ಏಳುವುದಿಲ್ಲ.

ನಾನು ಹೇಳುವುದು ಮೂರನೆಯ ದಾರಿ: ಹಗಲು ಹೊರಗೆ, ರಾತ್ರಿ ಒಳಗೆ, ಹತ್ತು ದಿನ. ಶ್ರಮ ಜಾಸ್ತಿ, ದಿನಕ್ಕೆ ಎರಡು ಸಲ ಮರಿಗಳನ್ನು ಎತ್ತಿ ಸಾಗಿಸಬೇಕು. ಬೇರೆ ದೊಡ್ಡ ಅಪಾಯ ಇದರಲ್ಲಿಲ್ಲ. ಬಿಸಿಲೇರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಗೂಡಿನ ಮುಂದೆ ಒಣ ನೆಲದಲ್ಲಿ ಜಾಲರಿಯೊಳಗೆ ಬಿಡಿ. ಮೇಲೂ ಜಾಲರಿ ಇರಲಿ. ಈ ಗಾತ್ರದ ಮರಿಯನ್ನು ಹದ್ದು ಮಾತ್ರವಲ್ಲ, ಕಾಗೆಯೂ ಬಿಡುವುದಿಲ್ಲ. ನಾಲ್ಕು ಗಂಟೆಗೆ ಒಳಗೆ ತನ್ನಿ. ಪಡಸಾಲೆಯಲ್ಲಿ ಅದೇ ದಿನಗಳಲ್ಲಿ ಕತ್ತಲೆಯ ಪಾಠ ನಡೆಯಲಿ: ಸಂಜೆ ಮೇವು ತಿಂದು ಕತ್ತಿನ ಬುಡದ ಚೀಲ ತುಂಬಿದ ಮೇಲೆ ಅರ್ಧ ಗಂಟೆ ಬಲ್ಬ್ ಆರಿಸಿ, ನೀವು ಹತ್ತಿರವೇ ಇದ್ದು ನೋಡಿ. ಮಾರನೆಯ ದಿನ ಒಂದು ಗಂಟೆ, ಹೀಗೆ ಹೆಚ್ಚಿಸುತ್ತಾ ಒಂದು ವಾರದಲ್ಲಿ ಇಡೀ ರಾತ್ರಿಗೆ ತನ್ನಿ. ಆ ಅವಧಿಗೆ ಬೆಳಕಿಲ್ಲದ ಶಾಖ ಬೇಕಾದರೆ ಸೆರಾಮಿಕ್ ಹೀಟರ್ ಸಿಗುತ್ತದೆ, ಪಿಂಗಾಣಿ ಹೋಲ್ಡರಿಗೇ ಹಾಕಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಇಲ್ಲವಾದರೆ ಬಿಸಿನೀರು ತುಂಬಿ ಬಾಯಿ ಭದ್ರವಾಗಿ ಮುಚ್ಚಿದ ಡಬ್ಬಿಗೆ ಗೋಣಿ ಸುತ್ತಿ ನಡುವೆ ಇಟ್ಟರೂ ಕೆಲವು ಗಂಟೆ ಸಾಕಾಗುತ್ತದೆ.

ಗೂಡಿಗೆ ಬಿಡುವ ದಿನ ಬೆಳಿಗ್ಗೆಯೇ ಬಿಡಿ. ಹಳೆಯ ಪೆಟ್ಟಿಗೆಯ ಮೇವಿನ ತಟ್ಟೆ, ನೀರಿನ ಪಾತ್ರೆ, ಎರಡು ಹಿಡಿ ಒಣ ಹೊಟ್ಟು ಅವುಗಳ ಜೊತೆ ಹೋಗಲಿ. ಮೊದಲ ವಾರದ ರಾತ್ರಿಗಳಿಗೆ ನಿಮ್ಮ ಮನೆಯಲ್ಲೇ ಇರುವ ಬಿದಿರಿನ ಮಂಕರಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಗೂಡಿನೊಳಗೆ ಎರಡು ಮಂಕರಿ ಬೋರಲು ಹಾಕಿ, ಕೆಳಗೆ ನಾಲ್ಕು ಇಂಚು ಒಣ ಹಾಸು ಹರಡಿ, ಆರಾರು ಮರಿಗಳನ್ನು ಅದರಡಿ ಮಲಗಿಸಿ. ಮಂಕರಿ ದುಂಡಗಿರುವುದರಿಂದ ಒತ್ತಿಕೊಳ್ಳಲು ಮೂಲೆಯಿಲ್ಲ. ಆರೇ ಇರುವುದರಿಂದ ತಳದ ಮರಿಯ ಮೇಲೆ ಭಾರ ಬೀಳುವುದಿಲ್ಲ. ಮೈಯ ಶಾಖ ಒಳಗೇ ನಿಲ್ಲುತ್ತದೆ. ಹೆಣಿಗೆಯ ಸಂದಿನಲ್ಲಿ ಗಾಳಿಯಾಡುತ್ತದೆ. ಮೇಲೆ ಗೋಣಿ ಹೊದಿಸುವಾಗ ಅರ್ಧಕ್ಕೆ ಮಾತ್ರ ಹೊದಿಸಿ. ಪೂರ್ತಿ ಮುಚ್ಚಿದರೆ ಉಸಿರಿನ ತೇವ ಒಳಗೇ ಉಳಿದು ಮೈ ನೆನೆಯುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೊಮ್ಮೆ ಟಾರ್ಚ್ ಹಿಡಿದು ನೋಡಿ, ಒಂದರ ಮೇಲೊಂದು ಬಿದ್ದಿದ್ದರೆ ಕೈಯಿಂದ ಬಿಡಿಸಿ. ಮಂಕರಿ ತೆಗೆದ ಮೇಲೆ ಗೂಡಿನ ನಾಲ್ಕು ಮೂಲೆಗಳಿಗೂ ರಟ್ಟನ್ನೋ ಹಳೆಯ ಚಾಪೆಯನ್ನೋ ಬಾಗಿಸಿ ನಿಲ್ಲಿಸಿ, ಮೂಲೆಗಳು ದುಂಡಗಾಗಲಿ. ಕೊಚಿನ್‌ಗಳಿಗೆ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಅಗಲ ಪಟ್ಟಿಯೊಂದು ಸಾಕು, ಸಿಲ್ಕಿಗಳನ್ನು ಗಳದ ಮೇಲೆ ಕೂರಿಸುವ ಪ್ರಯತ್ನ ಬೇಡ.

ಹುಳುಮನೆಯ ವಿಷಯ. ಬೇಡ ಎಂದೇ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ. ರೇಷ್ಮೆ ಹುಳುವಿಗೆ ನೀವು ಅಲ್ಲಿ ಕಾಯ್ದುಕೊಳ್ಳುವುದು 24ರಿಂದ 28 ಡಿಗ್ರಿ ಶಾಖ ಮತ್ತು ಸಾಕಷ್ಟು ತೇವ. ಈ ವಯಸ್ಸಿನ ಮರಿಯ ದೊಡ್ಡ ಶತ್ರುವಾದ ರಕ್ತಭೇದಿಗೆ, ಅಂದರೆ ಕಾಕ್ಸಿಡಿಯೋಸಿಸ್‌ಗೆ, ಬೇಕಾದದ್ದೂ ಹೆಚ್ಚು ಕಡಿಮೆ ಅದೇ. ಹಿಕ್ಕೆಯಲ್ಲಿ ಹೊರಬೀಳುವ ಈ ಪರೋಪಜೀವಿಯ ಅಂಡಕೋಶಗಳು 25ರಿಂದ 30 ಡಿಗ್ರಿ ಶಾಖವೂ ತೇವವೂ ಸಿಕ್ಕರೆ ಒಂದೆರಡು ದಿನಗಳಲ್ಲೇ ರೋಗ ತರುವ ಶಕ್ತಿ ಪಡೆಯುತ್ತವೆ. ಒಣ ನೆಲದಲ್ಲಿ ಅವಕ್ಕೆ ಅದು ಸುಲಭವಲ್ಲ. ಹಾಗಾಗಿ ಮುಚ್ಚಿದ, ಬೆಚ್ಚಗಿನ, ತೇವದ ಕೋಣೆಗಿಂತ ತಣ್ಣಗಿನ, ಒಣಗಿದ, ಗಾಳಿಯಾಡುವ ಗೂಡೇ ಮರಿಗೆ ಕ್ಷೇಮ. ಇದಲ್ಲದೆ ಮುಂದಿನ ಬೆಳೆಗೆ ಮೊದಲು ಹುಳುಮನೆಯನ್ನು ನೀವು ಸೋಂಕುಮುಕ್ತ ಮಾಡಲೇಬೇಕು. ಆ ಔಷಧಿಗಳ ಘಾಟು ಮರಿಗಳ ಶ್ವಾಸಕ್ಕೂ ಕೇಡು. ಮೂಲೆಗೆಸೆದ ಹಳೆಯ ಬಿದಿರಿನ ಚಂದ್ರಿಕೆಗಳಿದ್ದರೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ತಟ್ಟಿಗಳಿದ್ದರೆ, ತೊಳೆದು ಬಿಸಿಲಿಗೊಣಗಿಸಿ ಗೂಡಿನ ಗಾಳಿ ಬೀಸುವ ಬದಿಗೆ ಕಟ್ಟಿಕೊಳ್ಳಬಹುದು, ಒಳ್ಳೆಯ ತಡಿಕೆಯಾಗುತ್ತದೆ.

ರಕ್ತಭೇದಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಗೂಡಿಗೆ ಬಿಟ್ಟ ಒಂದು ವಾರದ ನಂತರ ಸಾಯುವ ಮರಿಗಳಲ್ಲಿ ಹೆಚ್ಚಿನವುಗಳ ಹೊಟ್ಟೆ ಸೀಳಿದಾಗ ನಮಗೆ ಕಾಣುವುದು ಇದೇ. ನಿಮ್ಮ ನಾಟಿ ಹ್ಯಾಟೆಗಳಿಗೆ ಈ ರೋಗಾಣುವಿನ ಪರಿಚಯವಾಗಿ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಅವು ಆರೋಗ್ಯವಾಗಿಯೇ ಇದ್ದು ಹಿಕ್ಕೆಯಲ್ಲಿ ಅಂಡಕೋಶಗಳನ್ನು ಹರಡುತ್ತಿರುತ್ತವೆ. ಪಡಸಾಲೆಯ ಪೆಟ್ಟಿಗೆಯಲ್ಲಿ ಬೆಳೆದ ಮರಿಗೆ ಆ ಪರಿಚಯವಿಲ್ಲ. ಫಿನಾಯಿಲ್ ಅಥವಾ ಬ್ಲೀಚಿಂಗ್ ಪುಡಿ ಹಾಕಿ ತೊಳೆದರೆ ಗೂಡು ಶುದ್ಧವಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ; ಅನೇಕ ರೋಗಾಣುಗಳ ಮಟ್ಟಿಗೆ ಅದು ಸರಿ, ಆದರೆ ಈ ಅಂಡಕೋಶಗಳ ಕವಚ ಗಟ್ಟಿ, ಅವು ಇಂಥ ಔಷಧಿಗಳಿಗೆ ಬಗ್ಗುವುದಿಲ್ಲ. ಅವುಗಳನ್ನು ಕೊಲ್ಲುವುದು ಬಿಸಿ ಮತ್ತು ಒಣಗು. ಹಳೆಯ ಹಾಸನ್ನು ಪೂರ್ತಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ನೆಲವನ್ನು ಕೆರೆದು, ಕುದಿಯುವ ನೀರು ಸುರಿದು, ಎರಡು ಮೂರು ದಿನ ಬಿಸಿಲಿಗೆ ತೆರೆದಿಡಿ, ಆಮೇಲೆ ಗೋಡೆಗೆ ಸುಣ್ಣ ಬಳಿಯಿರಿ. ಹೊಸ ಹಾಸಿಗೆ ಭತ್ತದ ಹೊಟ್ಟು ಒಳ್ಳೆಯದು. ಪಾವಗಡ, ಬಾಗೇಪಲ್ಲಿಯ ಕಡೆ ಕಡಲೆಕಾಯಿ ಸಿಪ್ಪೆ ಸುಲಭವಾಗಿ ಸಿಗುತ್ತದೆಂದು ಹಾಸುತ್ತಾರೆ. ಚೆನ್ನಾಗಿ ಒಣಗಿದ್ದರೆ ಬಳಸಬಹುದು, ಬೂಷ್ಟು ಹಿಡಿದ ಸಿಪ್ಪೆಯನ್ನು ಮುಟ್ಟಬೇಡಿ, ಅದರ ಬೀಜಕಣಗಳು ಮರಿಯ ಶ್ವಾಸಕೋಶದಲ್ಲಿ ಬೆಳೆಯುತ್ತವೆ. ಹಾಸನ್ನು ಹಿಡಿಯಲ್ಲಿ ಹಿಸುಕಿ ಬಿಟ್ಟಾಗ ಉದುರಿಹೋಗಬೇಕು, ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ನೀರಿನ ಪಾತ್ರೆಯ ಸುತ್ತಲಿನ ಹಾಸನ್ನು ದಿನವೂ ತಿರುವಿ, ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಡಿ. ಹಗಲು ಒಣ ನೆಲದಲ್ಲಿ ಬಿಡುವ ಹತ್ತು ದಿನಗಳಿಂದ ಇನ್ನೊಂದು ಲಾಭವೂ ಇದೆ: ರೋಗಾಣುವಿನ ಪರಿಚಯ ಸ್ವಲ್ಪ ಸ್ವಲ್ಪವಾಗಿ ಆಗುತ್ತದೆ, ಮೈ ತಾನೇ ಶಕ್ತಿ ಬೆಳೆಸಿಕೊಳ್ಳುತ್ತದೆ.

ಮರಿ ಗರಿ ಉಬ್ಬಿಸಿಕೊಂಡು ತೂಕಡಿಸಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ, ಅದೇ ದಿನ ಪಶುವೈದ್ಯರನ್ನು ಕಾಣಿ. ಸಾಮಾನ್ಯವಾಗಿ ಆಂಪ್ರೋಲಿಯಂ ಔಷಧಿಯನ್ನು ಕುಡಿಯುವ ನೀರಿನಲ್ಲಿ ಐದಾರು ದಿನ ಕೊಡುತ್ತಾರೆ. ಇದನ್ನು ಕೊಡುವಾಗ ಶಕ್ತಿ ಬರಲೆಂದು ಬಿ ಕಾಂಪ್ಲೆಕ್ಸ್ ಟಾನಿಕ್ಕನ್ನು ಅದೇ ನೀರಿಗೆ ಬೆರೆಸುವ ರೂಢಿ ಅನೇಕರಲ್ಲಿದೆ; ದಯವಿಟ್ಟು ಬೆರೆಸಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಜೀವಸತ್ವ ಸಿಗದಂತೆ ತಡೆದು. ಟಾನಿಕ್ ಬೆರೆಸಿದರೆ ಔಷಧಿ ವ್ಯರ್ಥವಾಗುತ್ತದೆ. ಅದನ್ನು ಔಷಧಿಯ ದಿನಗಳು ಮುಗಿದ ಮೇಲೆ ಕೊಡಬಹುದು.

ಗೂಡಿನ ಕಾವಲಿನ ಬಗ್ಗೆ ಚಿಕ್ಕದಾಗಿ: ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಹಾವನ್ನಾಗಲಿ ಇಲಿಯನ್ನಾಗಲಿ ಹೊರಗಿಡುವುದಿಲ್ಲ. ಕೆಳಗಿನ ಎರಡು ಅಡಿಗಾದರೂ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ, ಒಂದು ಅಡಿಯಷ್ಟನ್ನು ಮಣ್ಣಿನೊಳಗೆ ಇಳಿಸಿ. ಮುಂಗುಸಿ, ಹೆಗ್ಗಣಗಳು ನೆಲ ಕೊರೆದೇ ಬರುತ್ತವೆ. ಗಾಳಿಕಿಂಡಿ ಮರಿಗಳ ತಲೆಗಿಂತ ಮೇಲಿರಲಿ, ಗೋಣಿಯ ಪರದೆಯನ್ನು ಕೆಳಗಿನಿಂದ ಕಟ್ಟಿ, ಮೇಲೆ ಒಂದು ಅಡಿ ತೆರೆದಿರಲಿ.

ನಾಟಿ ಕೋಳಿಗಳ ಜೊತೆ ಸೇರಿಸುವ ವಿಷಯದಲ್ಲಿ ಆತುರ ಬೇಡ. ಮರಿಗಳು ಗಾತ್ರದಲ್ಲಿ ಸರಿಸಮವಾದ ಮೇಲೆ ಸೇರಿಸಿ ಎಂಬುದು ಸಾಮಾನ್ಯ ಸಲಹೆ. ಬ್ಯಾಂಟಮ್‌ಗಳು ಎಂದೂ ಸರಿಸಮವಾಗುವುದಿಲ್ಲವಾದ್ದರಿಂದ ಅದು ನಿಮಗೆ ಉಪಯೋಗಕ್ಕೆ ಬಾರದು. ಸಿಲ್ಕಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಜುಟ್ಟಿನ ಕೆಳಗೆ ಅನೇಕ ಸಿಲ್ಕಿಗಳ ತಲೆಬುರುಡೆ ಉಬ್ಬಿಕೊಂಡಿದ್ದು, ಅಲ್ಲಿ ಮೂಳೆ ಪೂರ್ತಿ ಕೂಡಿರುವುದಿಲ್ಲ. ಬೇರೆ ಮರಿಗೆ ಗಾಯವಷ್ಟೇ ಮಾಡುವ ಕುಕ್ಕು ಸಿಲ್ಕಿಯ ಮಿದುಳಿಗೇ ಪೆಟ್ಟು ಮಾಡಬಹುದು. ಕತ್ತು ತಿರುಚಿಕೊಂಡು ಸುತ್ತುವ ಸಿಲ್ಕಿಗಳಲ್ಲಿ ಕೆಲವಕ್ಕೆ ಕಾರಣ ಇದೇ. ಗೂಡಿನ ಮಧ್ಯೆ ಜಾಲರಿಯ ಗೋಡೆ ಹಾಕಿ ಎರಡು ಮೂರು ವಾರ ಒಂದನ್ನೊಂದು ನೋಡಿಕೊಂಡೇ ಇರಲಿ. ಆಮೇಲೆ ನೀವು ಎದುರಿಗಿರುವ ಹೊತ್ತಿನಲ್ಲಿ, ತೆರೆದ ಹಿತ್ತಿಲಿನಲ್ಲಿ, ಮೇವನ್ನು ನಾಲ್ಕಾರು ಕಡೆ ಚೆಲ್ಲಿ ಬಿಡಿ. ಮರಿಗಳು ಮಾತ್ರ ನುಸುಳಬಹುದಾದ ಕಂಡಿಯಿರುವ ಒಂದು ಆಸರೆ ಯಾವಾಗಲೂ ಇರಲಿ. ರಾತ್ರಿಯ ಜಾಗ ಬೇರೆಯೇ ಇದ್ದರೆ ಒಳ್ಳೆಯದು, ನನ್ನ ಅನುಭವದಲ್ಲಿ ಸಿಲ್ಕಿಗಳಿಗೆ ಕಾಯಂ ಪ್ರತ್ಯೇಕ ಕೋಣೆ ಕೊಟ್ಟವರಿಗೆ ತಲೆನೋವು ಕಡಿಮೆ. ಹುಂಜವನ್ನಂತೂ ಹ್ಯಾಟೆಗಳ ಕಡೆಯೇ ಇಡಿ.

ಪ್ರತ್ಯೇಕಿಸಲು ಮೇವು ಇನ್ನೊಂದು ಕಾರಣ. ಮೊಟ್ಟೆಯಿಡುವ ಕೋಳಿಯ ಲೇಯರ್ ಮ್ಯಾಶ್‌ನಲ್ಲಿ ಶೇ 3.5ರಿಂದ 4ರಷ್ಟು ಸುಣ್ಣದಂಶ ಇರುತ್ತದೆ. ಬೆಳೆಯುವ ಮರಿ ಅದನ್ನು ವಾರಗಟ್ಟಲೆ ತಿಂದರೆ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಮೇಯುವ ಕಾಲ ಬಂದಾಗ ಎಲ್ಲಕ್ಕೂ ಬೆಳೆಯುವ ಮರಿಗಳ ಗ್ರೋವರ್ ಮೇವನ್ನೇ ಹಾಕಿ, ಹ್ಯಾಟೆಗಳಿಗೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಿ. ಬೇಕಾದ ಕೋಳಿ ತಾನೇ ತಿನ್ನುತ್ತದೆ.

ಕೊನೆಯದಾಗಿ ಲಸಿಕೆ. ಮಾರೆಕ್ಸ್ ಕಾಯಿಲೆಯ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಕೊಟ್ಟಿರಬೇಕು. ಮಾರಿದವರನ್ನು ಕೇಳಿ ತಿಳಿದುಕೊಳ್ಳಿ. ಸಿಲ್ಕಿಗಳಿಗೆ ಈ ಕಾಯಿಲೆ ಬೇಗ ತಗಲುತ್ತದೆ, ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬೀಳುವುದು ಅದರ ಲಕ್ಷಣ. ಲಸಿಕೆ ಆಗಿಲ್ಲವಾದರೆ ವಯಸ್ಸಾದಂತೆ ತಡೆಯುವ ಶಕ್ತಿ ಹೆಚ್ಚುವುದರಿಂದ ದೊಡ್ಡ ಕೋಳಿಗಳಿಂದ ಇನ್ನಷ್ಟು ದಿನ ದೂರವಿಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್1 ಲಸಿಕೆಯ ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟನೆಯ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು ಎಂಬುದು ರೂಢಿಯ ಕ್ರಮ. ಆರ್‌2ಬಿಯನ್ನು ಆರು ವಾರಕ್ಕಿಂತ ಮೊದಲು ಹಾಕಿಸಬೇಡಿ, ಎಳೆಯ ಮರಿಗಳು ಅದರಿಂದಲೇ ಕಾಯಿಲೆ ಬೀಳಬಹುದು. ಸೀಸೆ ಸಾಮಾನ್ಯವಾಗಿ ನೂರು ಡೋಸಿನದು, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ಮನೆಗಳ ಕೋಳಿಗಳಿಗೂ ಅದೇ ದಿನ ಹಾಕಿಸುವ ಏರ್ಪಾಡು ಮಾಡಿ. ಲಸಿಕೆ ಮತ್ತು ಗೂಡು ಬದಲಾವಣೆ ಒಂದೇ ವಾರದಲ್ಲಿ ಬರಬಾರದು. ನಿಮ್ಮ ಮರಿಗಳ ಲೆಕ್ಕಕ್ಕೆ ಹೇಳುವುದಾದರೆ, ಏಳು ವಾರ ತುಂಬುವ ಹೊತ್ತಿಗೆ ಗೂಡಿಗೆ ಬಿಟ್ಟು, ಎಂಟನೆಯ ವಾರದ ಕೊನೆಗೆ ಚುಚ್ಚುಮದ್ದು ಹಾಕಿಸಿ, ಅದಾಗಿ ಒಂದು ವಾರದ ನಂತರ ನಡುವಿನ ಜಾಲರಿ ತೆಗೆಯುವ ಯೋಚನೆ ಮಾಡಬಹುದು. ಸಂಶಯ ಬಂದರೆ ನಿಮ್ಮೂರಿನ ಪಶು ಆಸ್ಪತ್ರೆಯಲ್ಲೋ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಒಂದೆರಡು ದಿನಗಳಲ್ಲಿ ದೊಡ್ಡ ಕೋಳಿಗಳೂ ಸೇರಿ ಹಲವು ಸತ್ತರೆ, ಸತ್ತವನ್ನು ಮುಟ್ಟದೆ, ಎಸೆಯದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. 2025ರ ಆರಂಭದಲ್ಲಿ ನಿಮ್ಮ ಜಿಲ್ಲೆಯಲ್ಲೇ ಹಕ್ಕಿಜ್ವರ ದೃಢಪಟ್ಟಿತ್ತು.